ಕಾಣುಂ ಪೊಂಗಲ್‌ನ ಕೆರೆ ಸುತ್ತು

ಪೊಂಗಲ್ ಹಬ್ಬದ ಕೊನೆಯ ದಿನಕ್ಕೆ ಇಲ್ಲಿ ಕಾಣುಂ ಪೊಂಗಲ್ ಎನ್ನುತ್ತಾರೆ. ಆ ದಿನ ಬುತ್ತಿ ಕಟ್ಟಿಕೊಂಡು ಹೊರಬಿದ್ದು ನಾಲ್ಕು ಜನರನ್ನು, ನಾಲ್ಕು ಜಾಗಗಳನ್ನು ಕಂಡು ಬರಬೇಕು. ಚೆನ್ನೈಗೆ ಚೆನ್ನೈಯೇ ಸಮುದ್ರದ ದಂಡೆಗೆ ಹೊರಡುತ್ತದೆ. ನಾವು ನಾಲ್ಕು ಜನ ಮಾತ್ರ ಕ್ರೋಂಪೇಟೆ ಸ್ಟೇಷನ್ನಿನಲ್ಲಿ ಆಚೆ ಪ್ಲಾಟ್‌ಫಾರ್ಮಿಗೆ ಹೋಗಿ ಚೆಂಗಲ್ಪಟ್ಟಿನ ಲೋಕಲ್ ಹತ್ತುತ್ತಿದ್ದೆವು. ಅಪ್ಪ, ಅವ್ವ, ನಾನು, ನನಗಿಂತ ನಾಲ್ಕು ವರ್ಷ ಚಿಕ್ಕವನಾದ ತಮ್ಮ. ಚೆಂಗಲ್ಪಟ್ಟಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ ಹೋದರೆ ಒಂದು ದೊಡ್ಡ ಕೆರೆ. ಅದನ್ನು ಕಾಲ್ನಡಿಗೆಯಲ್ಲಿ ಒಂದು ಸುತ್ತು ಹಾಕಿ ಬೆಳಕಿರುವಾಗಲೇ ಮನೆ ಸೇರುವುದು ನಮ್ಮ ಹಬ್ಬ. ನನಗೆ ಎಂಟು ವರ್ಷವಿದ್ದಾಗ ಶುರುವಾದದ್ದು. ಈಗ ನನಗೆ ಐವತ್ತು ದಾಟಿದೆ.

ಅಪ್ಪ ರೈಲ್ವೆಯಲ್ಲಿ ಕೀಮ್ಯಾನ್ ಆಗಿದ್ದ. ಹೆಗಲ ಮೇಲೆ ಸುತ್ತಿಗೆ, ಸ್ಪ್ಯಾನರ್ ಹೊತ್ತು ದಿನವೂ ಹಳಿಯ ಗುಂಟ ನಡೆದು, ಸಡಿಲಾದ ಬೋಲ್ಟುಗಳನ್ನು ಬಿಗಿ ಮಾಡುವ ಕೆಲಸ. ಹುಬ್ಬಳ್ಳಿ ಕಡೆಯವನಿಗೆ ನೌಕರಿ ಸಿಕ್ಕಿದ್ದು ಇಲ್ಲಿ. ಊರಿಗೆ ವರ್ಗ ಕೇಳಿ ಕೇಳಿ ಸಾಕಾಗಿ, ಕೇಳುವುದನ್ನೇ ಬಿಟ್ಟಿದ್ದ. ದಿನವಿಡೀ ನಡೆಯುವವನಿಗೆ ರಜೆಯಲ್ಲೂ ನಡೆಯುವ ಹುಚ್ಚು ಯಾಕೆ ಎಂದು ನೆರೆಯವರು ನಗುತ್ತಿದ್ದರು. "ಹಳಿ ಮ್ಯಾಲೆ ನಡಿಯೂದಂದ್ರ ಬರೇ ಕೆಳಗ ನೋಡೂದು. ವರ್ಷಕ್ಕ ಒಂದಿನ ತಲಿ ಎತ್ತಿ ನಡೀಬೇಕು" ಎನ್ನುತ್ತಿದ್ದ ಅಪ್ಪ.

ಆ ಕೆರೆಗೆ ಒಂದು ಹೆಸರಿದೆ. ನಮ್ಮ ಮನೆಯಲ್ಲಿ ಯಾರೂ ಅದನ್ನು ಹೆಸರು ಹಿಡಿದು ಕರೆದದ್ದಿಲ್ಲ. 'ಕೆರಿ' ಅಂದರೆ ಅದೇ. ತಮಿಳಿನಲ್ಲಿ ಕೆರೆಗೆ ಏರಿ ಎನ್ನುತ್ತಾರೆ; ನಮ್ಮಲ್ಲಿ ಏರಿ ಅಂದರೆ ಕೆರೆಯ ಒಡ್ಡು. "ಅವರು ಒಡ್ಡಿನ ಮ್ಯಾಲೆ ನಿಂತು ನೀರಿಗೆ ಏರಿ ಅಂತಾರ, ನಾವು ನೀರಾಗ ನಿಂತು ಒಡ್ಡಿಗೆ ಏರಿ ಅಂತೀವಿ" ಎಂದು ಅಪ್ಪ ವರ್ಷ ವರ್ಷವೂ ಹೇಳಿ, ವರ್ಷ ವರ್ಷವೂ ತಾನೇ ನಗುತ್ತಿದ್ದ. ಮೊದಲ ಒಂದು ಗಂಟೆ ಆ ಒಡ್ಡಿನ ಮೇಲೆ ಸುಲಭದ ನಡಿಗೆ. ತೂಬು ದಾಟಿದ ಮೇಲೆ ಬಳ್ಳಾರಿ ಜಾಲಿಯ ಪೊದೆಗಳು, ಬಗ್ಗಿ ನುಸುಳಬೇಕು. ಆಮೇಲೆ ಬಂಡೆಗಳು. ಅಲ್ಲಿ ಗುಡ್ಡ ನೇರವಾಗಿ ನೀರಿಗೇ ಇಳಿದಿದೆ. ಮನೆಯಷ್ಟು ದೊಡ್ಡ ಕಲ್ಲುಗಳು, ಅವುಗಳ ನಡುವೆ ಸಂದುಗಳು, ಕೆಳಗೆ ಹಸಿರು ನೀರು. ಕೈಕಾಲು ಎರಡೂ ಊರಿ ದಾಟಬೇಕು. ಅದು ಮುಗಿದರೆ ಆಚೆ ದಂಡೆಯಲ್ಲಿ ತಾಳೆಮರಗಳ ತೋಪು, ಊರ ಕಾಯುವ ದೇವರಿಗೆ ಹರಕೆ ಕೊಟ್ಟ ಮಣ್ಣಿನ ಕುದುರೆಗಳ ಸಾಲು. ನಮ್ಮ ಊಟ ಅಲ್ಲಿ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ. ಉಳಿದ ಅರ್ಧ ಸುತ್ತು ಕೆಸರುಗದ್ದೆಯ ಬದುಗಳ ಮೇಲೆ.

ಅವ್ವ ಯಾವಾಗಲೂ ಹಿಂದೆ. ಅಪ್ಪ ಮುಂದೆ, ಅವನ ಹಿಂದೆ ತಮ್ಮ, ಅವನ ಹಿಂದೆ ನಾನು. ಅವ್ವ ಎಲ್ಲೋ ದೂರದಲ್ಲಿ, ಕಾಲನ್ನು ನೆಲಕ್ಕೆ ಸವರಿ ಸವರಿ ಇಡುತ್ತ ಬರುತ್ತಿದ್ದಳು.

"ಲಗೂ ಬಾ! ರೈಲು ನಿನ್ನ ಸಲುವಾಗಿ ನಿಂದರೂದಿಲ್ಲ" ಎಂದು ಅಪ್ಪ ಒದರುತ್ತಿದ್ದ.

"ಚಪ್ಪಲಿ ಸಡ್ಲ ಆಗೇತ್ರಿ. ನೀವು ನಡೀರಿ, ಬಂದೆ."

ಪ್ರತಿವರ್ಷ ಚಪ್ಪಲಿ ಸಡಿಲವಾಗಿರುತ್ತಿತ್ತು. ಮಧ್ಯಾಹ್ನ ಮೂರು ಹೊಡೆಯಿತೆಂದರೆ ಅವಳಿಗೆ ಚಡಪಡಿಕೆ. ಕತ್ತಲಾಗುವುದರೊಳಗೆ ಮನೆ ಸೇರೋಣ ಎಂದು ಒಂದೇ ಸಮನೆ ಶುರು ಮಾಡುತ್ತಿದ್ದಳು. ಹಾವಿಗೆ ಹೆದರುತ್ತಾಳೆ ಎಂದುಕೊಂಡಿದ್ದೆವು. ಮನೆಯಲ್ಲಿ ಕರೆಂಟು ಹೋದರೆ ಕೂತಲ್ಲಿಂದ ಏಳುತ್ತಿರಲಿಲ್ಲ; ಅದನ್ನೂ ಹೆದರಿಕೆಯ ಲೆಕ್ಕಕ್ಕೇ ಸೇರಿಸಿದ್ದೆವು. ಆದರೆ ಸೂಜಿಗೆ ದಾರ ಒಂದೇ ಸಲಕ್ಕೆ ಪೋಣಿಸುತ್ತಿದ್ದಳು. ಅಕ್ಕಿಯಲ್ಲಿನ ಸಣ್ಣ ಕಲ್ಲೂ ಅವಳ ಕಣ್ಣು ತಪ್ಪಿಸಿಕೊಳ್ಳುತ್ತಿರಲಿಲ್ಲ. ಅಂಥವಳ ಕಣ್ಣಿನಲ್ಲಿ ಏನೋ ತೊಂದರೆಯಿದೆ ಎಂದು ಯಾರಿಗೆ ಹೊಳೆಯಬೇಕು?

ನನಗೆ ಹದಿನೈದಾದ ವರ್ಷ ಮಳೆ ಜೋರಾಗಿತ್ತು. ಕೆರೆ ತುಂಬಿ, ಬಂಡೆಗಳ ಬುಡದಲ್ಲಿ ನಾವು ಕಾಲಿಡುತ್ತಿದ್ದ ಕಲ್ಲುಗಳೆಲ್ಲ ಮುಳುಗಿದ್ದವು. ಮೇಲುಗಡೆಯಿಂದ ದಾರಿ ಇದೆಯೇ ನೋಡಲು ಅಪ್ಪ ಗುಡ್ಡ ಹತ್ತಿದ. ಹೋಗುವಾಗ ನನಗೆ, "ಅವ್ವನ ಸಂಗಾಟ ಇರು, ಬಿಟ್ಟು ಹೋಗಬ್ಯಾಡ" ಎಂದ.

ನನಗೆ ಅವ್ವನ ಮೇಲೆ ಸಿಟ್ಟಿತ್ತು. ಬೆಳಿಗ್ಗೆ ಬಸ್ಸಿನಲ್ಲಿ ಒಬ್ಬರ ಕಾಲು ತುಳಿದು ಬೈಸಿಕೊಂಡಿದ್ದಳು. ಅಲ್ಲಿ ನನ್ನ ಶಾಲೆಯ ಹುಡುಗಿಯೊಬ್ಬಳಿದ್ದಳು. ತಮ್ಮ ಆಗಲೇ ಕಲ್ಲಿನಿಂದ ಕಲ್ಲಿಗೆ ಹಾರುತ್ತ ಮುಂದೆ ಹೋಗಿದ್ದ. ನಾನೂ ಅವನ ಹಿಂದೆ ಹೋದೆ. ಇಬ್ಬರೂ ಒಂದು ಚಪ್ಪಟೆ ಬಂಡೆಯ ಮೇಲೆ ಕೂತು ಸೀಬೆಹಣ್ಣು ತಿಂದೆವು. ಸ್ವಲ್ಪ ಹೊತ್ತಿಗೆ ತಮ್ಮ ಕಿವಿಗೊಟ್ಟ.

"ಅಕ್ಕಾ, ಅವ್ವ ಕರದಂಗಾತು."

ನನಗೂ ಕೇಳಿಸಿತ್ತು. ನನ್ನ ಹೆಸರು, ಎರಡು ಸಲ.

"ಅಕಿ ಯಾವಾಗ್ಲೂ ಕರೀತಾಳ. ಸುಮ್ನ ಕೂಡು" ಎಂದೆ.

ಕಾಲು ಗಂಟೆಯಾದ ಮೇಲೆ ಅಪ್ಪ ಮೇಲಿನಿಂದ ಇಳಿದು ಬಂದ. "ಅವ್ವ ಎಲ್ಲೆ?" ಎಂದ. ನಾನು ಕೈ ತೋರಿಸಿದ ಕಡೆ ಯಾರೂ ಇರಲಿಲ್ಲ. ಅಪ್ಪ ಓಡಿದ. ಎರಡು ಬಂಡೆಗಳ ಸಂದಿನಲ್ಲಿ ಅವ್ವ ಸೊಂಟದವರೆಗೆ ನೀರಿನಲ್ಲಿದ್ದಳು. ಬಲಗೈ ಮುರಿದು ಜೋತುಬಿದ್ದಿತ್ತು. ಎಡಗೈಯಿಂದ ಕಲ್ಲಿನ ಅಂಚನ್ನು ಹಿಡಿದುಕೊಂಡು, ಗಲ್ಲವನ್ನು ಕಲ್ಲಿಗೆ ಒತ್ತಿ ನಿಂತಿದ್ದಳು. ಅಳುತ್ತಿರಲಿಲ್ಲ. ಸೀರೆಯ ಸೆರಗು ನೀರಿನ ಮೇಲೆ ಹರಡಿಕೊಂಡಿತ್ತು.

ಅವಳನ್ನು ಮೇಲೆಳೆದು ಕೂರಿಸಿದ ಮೇಲೆ ಅಪ್ಪ ನನ್ನತ್ತ ತಿರುಗಿ ಕೈಯೆತ್ತಿದ. ಅದುವರೆಗೆ ಒಮ್ಮೆಯೂ ಹೊಡೆದವನಲ್ಲ.

"ಹುಡಿಗೀನ ಹೊಡೀಬ್ಯಾಡ್ರಿ" ಎಂದಳು ಅವ್ವ. "ನಾನ ಮುಂದ ಹೋಗಂದೆ. ಅಕಿ ಒಲ್ಲೆ ಅಂದ್ಲು, ನಾನ ಕಳಿಸಿದೆ."

ನಾನು ಆ ಸುಳ್ಳಿನ ಹಿಂದೆ ಅಡಗಿಕೊಂಡೆ. ತಮ್ಮ ನನ್ನ ಮುಖ ನೋಡಿ, ಅವ್ವನ ಒದ್ದೆ ಸೆರಗು ಹಿಂಡತೊಡಗಿದ.

ಕೈಗೆ ಪ್ಲಾಸ್ಟರ್ ಹಾಕಿದ ಡಾಕ್ಟರು ಅವ್ವನ ಪಕ್ಕದಿಂದ ಒಂದು ಕಾಗದ ಚಾಚಿದರು, ಹೆಬ್ಬೆಟ್ಟು ಒತ್ತಿಸಿಕೊಳ್ಳಲು. ಅವಳು ನೋಡಲೇ ಇಲ್ಲ. ಅವರು ಕಾಗದ ಕೆಳಗಿಟ್ಟು, ಅವಳ ಕಿವಿಯ ಹತ್ತಿರ ಬೆರಳಾಡಿಸಿ, "ಅಮ್ಮಾ, ಇದು ತೆರಿಯುದಾ?" ಎಂದು ತಮಿಳಿನಲ್ಲಿ ಕೇಳಿದರು. ಕಾಣುತ್ತದೆಯೇ ಎಂದು. ಬೆರಳನ್ನು ಮುಂದೆ ಮುಂದೆ ತಂದು, ಮೂಗಿನ ನೇರಕ್ಕೆ ಬಂದ ಮೇಲೆ ಅವ್ವ "ತೆರಿಯುದು" ಎಂದಳು.

ಕಣ್ಣಿನ ಡಾಕ್ಟರು ಕತ್ತಲ ಕೋಣೆಯಲ್ಲಿ ಅರ್ಧ ದಿನ ಪರೀಕ್ಷೆ ಮಾಡಿ ಹೇಳಿದರು: ಕಣ್ಣಿನ ಹಿಂದಿನ ಪರದೆ ಅಂಚಿನಿಂದ ಒಣಗುತ್ತ ಬರುತ್ತಿದೆ. ಈಗ ನಡುವೆ ಮಾತ್ರ ಕಾಣುತ್ತದೆ, ಕೊಳವೆಯೊಳಗಿಂದ ನೋಡಿದ ಹಾಗೆ. ಕತ್ತಲಲ್ಲಿ ಅದೂ ಇಲ್ಲ. ಕೊಳವೆ ವರ್ಷ ವರ್ಷವೂ ಸಣ್ಣದಾಗುತ್ತ ಹೋಗುತ್ತದೆ. ಔಷಧಿ ಇಲ್ಲ.

"ಮನೆತನದಲ್ಲಿ ಯಾರಿಗಾದರೂ ಇತ್ತೇ?" ಎಂದು ಅವರು ಕೇಳಿದಾಗ ಅವ್ವ ತಲೆ ತಗ್ಗಿಸಿ, "ನಮ್ಮಪ್ಪಗ ಇತ್ತು" ಎಂದಳು. ಅಪ್ಪ ಅವಳನ್ನು ಮೊದಲ ಸಲ ನೋಡುತ್ತಿರುವವನ ಹಾಗೆ ನೋಡಿದ.

ಹೊರಗಿನ ಬೆಂಚಿನ ಮೇಲೆ ಅವರಿಬ್ಬರೂ ಕೂತರು. ನಾನು ಚೀಲ ಹಿಡಿದು ಪಕ್ಕದಲ್ಲಿ ನಿಂತಿದ್ದೆ.

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ಮದುವಿ ಆಗತಿದ್ರೇನು?"

ಅಪ್ಪ ಟವೆಲಿನಿಂದ ಮುಖ ಒರೆಸಿಕೊಂಡ. ಆಮೇಲೆ, "ಮದುವಿ ಆದಮ್ಯಾಲರ ಹೇಳಬೇಕಿತ್ತು" ಎಂದ.

"ನಾಳೆ ಹೇಳೂಣು, ನಾಳೆ ಹೇಳೂಣು ಅಂತ ಇದ್ದೆ. ಮಕ್ಕಳು ಹುಟ್ಟಿದ್ವು. ಆಮ್ಯಾಲೆ ಹ್ಯಾಂಗ ಹೇಳ್ಲಿ?"

"ಆ ಕಲ್ಲಾಗ ಯಾಕ ಬರ್ತಿದ್ದಿ? ಮನ್ಯಾಗ ಇರತೀನಿ ಅನ್ನಬೇಕಿಲ್ಲೊ?"

"ನಿಮಗ ವರ್ಷಕ್ಕ ಅದೊಂದ ಖುಷಿ. ಒಲ್ಲೆ ಅಂದ್ರ ಯಾಕ ಅಂತ ಕೇಳತಿದ್ರಿ."

ಅಪ್ಪ ಎರಡೂ ಕೈಗಳನ್ನು ಮೊಣಕಾಲ ನಡುವೆ ಸಿಕ್ಕಿಸಿಕೊಂಡು ನೆಲ ನೋಡುತ್ತ ಕೂತ. "ಇಷ್ಟು ವರ್ಷ ಲಗೂ ಬಾ, ಲಗೂ ಬಾ ಅಂತ ಒದರಿದೆನಲ್ಲ ನಿನಗ" ಎಂದ. ಆಮೇಲೆ ಡಾಕ್ಟರು ಅಪ್ಪನೊಬ್ಬನನ್ನೇ ಮತ್ತೆ ಒಳಗೆ ಕರೆದರು. ಏನು ಹೇಳಿದರೆಂದು ಅಪ್ಪ ನಮಗೆ ಹೇಳಲಿಲ್ಲ. ನಾವೂ ಕೇಳಲಿಲ್ಲ.

ಮುಂದಿನ ಪೊಂಗಲ್‌ಗೆ ಮೊದಲು ಅಪ್ಪ ಎರಡು ಭಾನುವಾರ ಒಬ್ಬನೇ ಕೆರೆಗೆ ಹೋಗಿ ಬಂದ. ಕೈತುಂಬ ಮುಳ್ಳು ಗೀರಿದ ಗಾಯ. ಜಾಲಿ ಕಡಿದು ದಾರಿ ಅಗಲ ಮಾಡಿದ್ದ. ಹಬ್ಬದ ದಿನ ಅವ್ವ ಅವನ ಹೆಗಲ ಮೇಲೆ ಕೈಯಿಟ್ಟಳು, ಅಪ್ಪ ಅವಳ ಮುಂದೆ ನಡೆದ. ಹಳಿಯ ಮೇಲೆ ಕೂಗಿ ಎಚ್ಚರಿಸುವ ದನಿಯಲ್ಲೇ, "ಕಲ್ಲು, ಮೊಣಕಾಲೆತ್ತರ. ಎಡಕ್ಕ ಜಾಲಿ. ಈಗ ಇಳಿಜಾರು, ಎರಡು ಹೆಜ್ಜಿ" ಎನ್ನುತ್ತ ಹೋಗುತ್ತಿದ್ದ. ಬಂಡೆಗಳ ಮೇಲೆ ಇಬ್ಬರೂ ಕೂತು, ಹಿಮ್ಮಡಿಯಿಂದ ಮುಂದಿನ ಕಲ್ಲನ್ನು ತಡವಿ ತಡವಿ ಸರಿಯುತ್ತಿದ್ದರು. ಮೊದಲಿಗಿಂತ ಎರಡು ಗಂಟೆ ಹೆಚ್ಚು ಹಿಡಿಯುತ್ತಿತ್ತು. ಹಾಗಾಗಿ ಎರಡು ಗಂಟೆ ಮೊದಲಿನ ಲೋಕಲ್ ಹಿಡಿಯುತ್ತಿದ್ದೆವು.

"ನೀರಾಗ ನಾಕು ಬೆಳ್ಳಕ್ಕಿ ಅದಾವ ನೋಡು" ಎಂದು ಅಪ್ಪ ಹೇಳಿದರೆ ಅವ್ವ ಕತ್ತನ್ನು ನಿಧಾನಕ್ಕೆ ತಿರುಗಿಸಿ, "ನಾಕಲ್ರೀ, ಐದು. ಒಂದು ಆ ಕಡೆ ಕೊಂಬಿ ಮ್ಯಾಲೆ ಐತಿ" ಎನ್ನುತ್ತಿದ್ದಳು. ದೂರದ್ದು, ನೇರದ್ದು ಅವಳಿಗೆ ನಮಗಿಂತ ಚೆನ್ನಾಗಿ ಕಾಣುತ್ತಿತ್ತು. ಅಪ್ಪ ಜೋರಾಗಿ ನಗುತ್ತಿದ್ದ. ಅವರಿಬ್ಬರೂ ಹೀಗೆ ಮಾತಾಡುತ್ತ ನಡೆದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಹತ್ತು ವರ್ಷ ಹೀಗೇ ನಡೆಯಿತು.

ತಮ್ಮನಿಗೆ ರೈಲು ಓಡಿಸುವ ಆಸೆ, ಚಿಕ್ಕಂದಿನಿಂದ. ಡಿಪ್ಲೊಮಾ ಮುಗಿಸಿ, ಸಹಾಯಕ ಚಾಲಕನ ಪರೀಕ್ಷೆ ಬರೆದು ಪಾಸಾದ. ಅಪ್ಪ ತನ್ನ ಗ್ಯಾಂಗಿನವರಿಗೆಲ್ಲ ಮೈಸೂರುಪಾಕು ಹಂಚಿದ. ಉಳಿದದ್ದು ವೈದ್ಯಕೀಯ ತಪಾಸಣೆ ಮಾತ್ರ. ಅದರಲ್ಲಿ ಕಣ್ಣಿಗೆ ಮೂರು ದಿನ ಪರೀಕ್ಷೆ ಮಾಡಿ, ಅನರ್ಹ ಎಂದು ಬರೆದು ಕಳಿಸಿದರು. ತಮ್ಮನಿಗೆ ಇಪ್ಪತ್ತೆರಡು. ಸಂಜೆ ಕ್ರಿಕೆಟ್ಟಿನಲ್ಲಿ ಕ್ಯಾಚ್ ಬಿಡುತ್ತಿದ್ದೇನೆ ಎಂಬುದೊಂದು ಬಿಟ್ಟರೆ ಅವನಿಗೆ ಏನೂ ಗೊತ್ತಾಗಿರಲಿಲ್ಲ.

ಆ ದಿನ ಮನೆಗೆ ಬಂದವನು ಅಪ್ಪನ ಮುಂದೆ ನಿಂತು, "ಇದು ಮಕ್ಕಳಿಗೂ ಬರಬಹುದು ಅಂತ ನಿನಗ ಯಾರೂ ಹೇಳಿರಲಿಲ್ಲೇನು?" ಎಂದ.

ಅಪ್ಪ ಮುಚ್ಚಿಡಲಿಲ್ಲ. "ಹೇಳಿದ್ರು. ಇಬ್ಬರನ್ನೂ ಕರಕೊಂಡ ಬರ್ರಿ, ನೋಡ್ತೀವಿ ಅಂದಿದ್ರು. ಓದೋ ಹುಡುಗ, ತಲ್ಯಾಗ ಯಾಕ ಹುಳ ಬಿಡೂದು ಅಂತ ನಾನ ಬಿಟ್ಟೆ."

ಆ ವಾರವೇ ನಾನೂ ತೋರಿಸಿಕೊಂಡೆ. ನನ್ನ ಕಣ್ಣಿಗೆ ಏನೂ ಆಗಿರಲಿಲ್ಲ. ಆ ಚೀಟಿಯನ್ನು ಮನೆಯಲ್ಲಿ ಹೊರಗೆ ತೆಗೆಯಲು ನಾಚಿಕೆಯಾಗಿ ಎಷ್ಟೋ ದಿನ ಆಫೀಸಿನ ಬ್ಯಾಗಿನಲ್ಲೇ ಇಟ್ಟುಕೊಂಡು ಓಡಾಡಿದೆ.

ಒಂದು ತಿಂಗಳಿಗೆ ಕಾಣುಂ ಪೊಂಗಲ್ ಬಂತು. ಆ ವರ್ಷ ಹೋಗಬಾರದಿತ್ತು. ಹೋದರೆ ಹುಡುಗನ ಮನಸ್ಸು ಹಗುರಾದೀತು ಎಂದು ಅಪ್ಪ ಹೊರಡಿಸಿದ. ತಮ್ಮ ದಾರಿಯುದ್ದಕ್ಕೂ ಎಲ್ಲರಿಗಿಂತ ಮುಂದೆ ಒಬ್ಬನೇ ನಡೆದ. ಮಣ್ಣಿನ ಕುದುರೆಗಳ ಪಕ್ಕ ಊಟಕ್ಕೆ ಕೂತೆವು. ಅವ್ವ ರೊಟ್ಟಿ ಕೈಯಲ್ಲಿ ಹಿಡಿದು ಅವನ ತಟ್ಟೆ ಎಲ್ಲಿದೆಯೆಂದು ಎಡಗೈಯಿಂದ ತಡವುತ್ತ, "ಇನ್ನೊಂದು ಹಾಕ್ಲೇನೋ?" ಎಂದಳು.

"ಅವ್ವಾ, ನಿಮ್ಮಪ್ಪನ ಕಣ್ಣು ನಿನಗ ಬಂದಾವ ಅಂತ ಮದುವಿಗೆ ಮೊದಲ ಗೊತ್ತಿತ್ತಲ್ಲ?"

"ಹೂಂ, ಗೊತ್ತಿತ್ತು."

"ಗೊತ್ತಿದ್ದೂ ನನ್ನ ಯಾಕ ಹಡದಿ?"

ಅಪ್ಪ "ಲೇ" ಎಂದು ಎದ್ದೇಬಿಟ್ಟ. ಅವ್ವ ಬೇಡವೆನ್ನುವಂತೆ ಕೈ ಮಾಡಿದಳು. ಬಾಯಿ ತೆರೆದಳು, ಮುಚ್ಚಿದಳು. ಇನ್ನೊಮ್ಮೆ ತೆರೆದಳು. ಮಾತು ಬರಲಿಲ್ಲ. ತಮ್ಮ ಸ್ವಲ್ಪ ಹೊತ್ತು ಕಾದ. ಅವನು ನಿಜವಾಗಿಯೂ ಉತ್ತರಕ್ಕಾಗಿ ಕಾದ ಎಂದು ನನಗೆ ಈಗ ಅನ್ನಿಸುತ್ತದೆ. ಆಮೇಲೆ ಕೆರೆಯಲ್ಲಿ ಕೈ ತೊಳೆದು, ಚೀಲ ಹೆಗಲಿಗೇರಿಸಿಕೊಂಡು ಬಂದ ದಾರಿಯಲ್ಲೇ ವಾಪಸು ಹೊರಟುಹೋದ. ಉಳಿದ ಅರ್ಧ ಸುತ್ತನ್ನು ನಾವು ಮೂವರೂ ಮುಗಿಸಿದೆವು. ಅಪ್ಪ ಕಲ್ಲು, ಬದು, ಕೆಸರು ಎಂದಷ್ಟೇ ಹೇಳುತ್ತಿದ್ದ.

ತಮ್ಮ ಮಣಲಿಯಲ್ಲಿ ಟ್ಯಾಂಕರ್ ಲಾರಿಗಳ ಕಚೇರಿಯೊಂದರಲ್ಲಿ ಕೆಲಸ ಹಿಡಿದು, ತಿರುವೊಟ್ಟಿಯೂರಿನಲ್ಲಿ ಮನೆ ಮಾಡಿದ. ನಾವು ಊರಿನ ಈ ತುದಿ, ಅವನು ಆ ತುದಿ. ದೀಪಾವಳಿಗೆ ಬಂದು ಒಂದು ಗಂಟೆ ಕೂತು ಹೋಗುತ್ತಿದ್ದ. ಅವ್ವನ ಜೊತೆ ಮಾತು ಬಿಟ್ಟಿರಲಿಲ್ಲ. ಊಟ ಆಯಿತೇ, ಆರೋಗ್ಯ ಹೇಗಿದೆ, ಅಷ್ಟು. ಎರಡು ವರ್ಷದೊಳಗೆ ಅಪ್ಪ ಹೋದ. ಬೆಳಿಗ್ಗೆ ಕೆಲಸಕ್ಕೆ ಹೊರಡಲು ಶೂ ಕಟ್ಟುತ್ತ ಕೂತವನು ಹಾಗೇ ಗೋಡೆಗೆ ಒರಗಿದ. ಕರ್ಮಗಳನ್ನೆಲ್ಲ ತಮ್ಮ ಅಚ್ಚುಕಟ್ಟಾಗಿ ಮಾಡಿ ಹದಿನಾಲ್ಕನೆಯ ದಿನ ತಿರುವೊಟ್ಟಿಯೂರಿಗೆ ಹಿಂತಿರುಗಿದ.

ಆಮೇಲೆ ಅವನ ಮದುವೆಯಾಯಿತು. ಅದೇ ಕಚೇರಿಯ ತಮಿಳು ಹುಡುಗಿ. ತನ್ನ ಕಣ್ಣಿನ ವಿಷಯವನ್ನು ಮೊದಲ ದಿನವೇ ಅವಳಿಗೆ ಹೇಳಿದ್ದನಂತೆ. ಮದುವೆಯಾಗಿ ಮೂರನೆಯ ವರ್ಷ ಅವ್ವ ಮೊಮ್ಮಗುವಿನ ಮಾತು ತೆಗೆದಾಗ, "ನಾವು ಮಕ್ಕಳು ಬ್ಯಾಡಂತ ಮಾಡೇವಿ, ಅವ್ವಾ. ಇದು ನನ್ನ ಸಂಗಾಟ ಮುಗೀಲಿ" ಎಂದ. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಅವ್ವ "ಆತಪ್ಪಾ" ಎಂದು ಒಳಗೆ ಹೋದಳು. ಅಡುಗೆಮನೆಯಲ್ಲಿ ಬಹಳ ಹೊತ್ತು ನಲ್ಲಿಯ ನೀರು ಸುರಿಯುವ ಸದ್ದಾಯಿತು.

ನನ್ನ ಮದುವೆಯಾದ ಮೇಲೂ ಅವ್ವ ಕೊನೆಯವರೆಗೆ ನನ್ನ ಜೊತೆ ಇದ್ದಳು. ನನ್ನ ಮಗಳಿಗೆ ಏಳಾದ ಮೇಲೆ ನಾವು ಮೂವರೂ ಮತ್ತೆ ಕೆರೆಗೆ ಹೋಗತೊಡಗಿದೆವು. ಕೇಳಿದ್ದು ಅವ್ವನೇ. ಅಷ್ಟು ಹೊತ್ತಿಗೆ ಅವಳಿಗೆ ಬೆಳಕು ಯಾವ ಕಡೆಯಿದೆ ಎಂಬುದಷ್ಟೇ ಗೊತ್ತಾಗುತ್ತಿತ್ತು. ಮಗಳು ನಾವು ಕನ್ನಡದಲ್ಲಿ ಹೇಳಿದ್ದನ್ನೆಲ್ಲ ತಿಳಿದುಕೊಂಡು ತಮಿಳಿನಲ್ಲಿ ಉತ್ತರ ಕೊಡುವ ಹುಡುಗಿ. "ಪಾಟ್ಟಿ, ಕಾಲ್ ತೂಕ್ಕು, ಇಂಗ ಕಲ್ಲು" ಎಂದು ಅಜ್ಜಿಗೆ ಕಾಲೆತ್ತಲು ಹೇಳುತ್ತ, ಕೈ ಹಿಡಿದು ನಡೆಸುತ್ತಿದ್ದಳು. ಅವಳ ಬಾಯಲ್ಲಿ ಮೊದಲು ಬಂದ ಕನ್ನಡ ಆ ದಾರಿಯದು: ಎಡಕ್ಕ, ಬಲಕ್ಕ, ಹತ್ತು, ಇಳಿ, ನಿಂದ್ರು.

ಅಂಥ ಒಂದು ದಿನ ಮಗಳು ತಾಳೆಮರಗಳ ಕೆಳಗೆ ಆಡುತ್ತಿದ್ದಾಗ ನಾನು ಧೈರ್ಯ ಮಾಡಿ ಹೇಳಿಬಿಟ್ಟೆ.

"ಅವ್ವಾ, ನೀ ನೀರಾಗ ಬಿದ್ದ ದಿನ ಕರದದ್ದು ನನಗ ಕೇಳಿಸಿತ್ತು. ಕೇಳಿದ್ರೂ ಬರಲಿಲ್ಲ."

"ಗೊತ್ತೈತಿ."

"ಮತ್ತ ಅಪ್ಪಗ ಯಾಕ ಸುಳ್ಳು ಹೇಳಿದಿ?"

"ನಾ ಮುಚ್ಚಿಟ್ಟದ್ದು ಅದಕ್ಕಿಂತ ದೊಡ್ಡದಿತ್ತಲ್ಲವ್ವಾ. ನೀ ಕೂಸು. ನಿನಗ ಯಾಕ ಬೈಸ್ಲಿ?" ಎಂದಳು. ಬುತ್ತಿಯ ಬಟ್ಟೆ ಮಡಚುತ್ತ, "ನಿನ್ನ ತಮ್ಮ ಇಲ್ಲೇ ಕುಂತು ಕೇಳಿದ್ನಲ್ಲ, ಅದಕ್ಕ ಏನ ಹೇಳಬೇಕಿತ್ತು ಅಂತ ಇನ್ನೂ ಹುಡುಕ್ತೀನಿ. ಅವ ಕೇಳಿದ್ದು ತಪ್ಪಲ್ಲ. ಉತ್ತರ ಸಿಗವಲ್ದು" ಎಂದಳು.

ಮಂಡಿನೋವು ಹೆಚ್ಚಾಗಿ ಆಮೇಲೆ ಅವಳಿಗೆ ಬರಲಾಗಲಿಲ್ಲ. ಹೋದ ಮಳೆಗಾಲದಲ್ಲಿ ಜ್ವರ ಎದೆಗೆ ಇಳಿದು ಆಸ್ಪತ್ರೆಗೆ ಸೇರಿಸಿದೆವು. ಮೂರು ದಿನವೂ ತಮ್ಮ ಎರಡು ರೈಲು ಬದಲಿಸಿ ಬಂದು ಮಂಚದ ಪಕ್ಕ ಕೂತ. ಅವ್ವನಿಗೆ ಎಚ್ಚರ ಬರುತ್ತಿತ್ತು, ಹೋಗುತ್ತಿತ್ತು. ಅವನು ಮುಖವನ್ನು ಅವಳ ಮುಖದ ಹತ್ತಿರ ತಂದು ನಿಧಾನವಾಗಿ ಆಚೀಚೆ ಆಡಿಸುತ್ತಿದ್ದ. "ಪೂರ್ತಿ ಮುಖ ಒಮ್ಮೆಗೆ ಕಾಣೂದಿಲ್ಲ, ಅಕ್ಕಾ. ಮೊದಲು ಒಂದು ಕಣ್ಣು. ಆಮ್ಯಾಲೆ ಮೂಗುಬೊಟ್ಟು. ಕೂಡಿಸಿ ಕೂಡಿಸಿ ನೋಡಬೇಕು" ಎಂದ. ನಾಲ್ಕನೆಯ ದಿನ ಬೆಳಿಗ್ಗೆ ಅವ್ವ ಹೋದಳು. ಅವನು ಇನ್ನೂ ರೈಲಿನಲ್ಲಿದ್ದ.

ಈ ಸಲ ಸಾವಾದ ಮನೆಯೆಂದು ನಮಗೆ ಹಬ್ಬವಿರಲಿಲ್ಲ. ಆದರೆ ಕಾಣುಂ ಪೊಂಗಲ್‌ನ ಹಿಂದಿನ ದಿನ ತಮ್ಮ ಫೋನ್ ಮಾಡಿದ.

"ಅಕ್ಕಾ, ನಾಳೆ ಕೆರಿಗೆ ಹೋಗೋಣೇನು?"

ಅವನು ಅಲ್ಲಿಗೆ ಕಾಲಿಡದೆ ಇಪ್ಪತ್ತೈದು ವರ್ಷ ದಾಟಿತ್ತು. ಬೆಳಿಗ್ಗೆ ಮಡಚುವ ಬಿಳಿ ಕೋಲು ಹಿಡಿದು ಬಂದ. ತಲೆ ನೆರೆತಿತ್ತು. ಒಡ್ಡಿನ ಮೇಲೆ ಈಗ ಅರ್ಧ ದೂರ ಸಿಮೆಂಟಿನ ಹಾದಿಯಾಗಿದೆ, ಪಕ್ಕಕ್ಕೆ ಕಬ್ಬಿಣದ ಬೇಲಿ. ಅಲ್ಲಿ ಕೋಲು ಸಾಕಾಯಿತು. ಜಾಲಿ ಶುರುವಾದಾಗ ಕೋ‌ಲು ಮಡಚಿ ನನ್ನ ಹೆಗಲ ಮೇಲೆ ಕೈಯಿಟ್ಟ.

"ಇಲ್ಲೆ ಕಲ್ಲು ಐತಿ, ನೋಡಿಕೊಂಡ ಬಾ" ಎಂದೆ.

"ನೋಡೂದ ಆಗೂದಿಲ್ಲಲ್ಲ, ಅಕ್ಕಾ. ಎಷ್ಟು ಎತ್ತರ, ಅದನ್ನ ಹೇಳು" ಎಂದು ನಕ್ಕ. ನಾನೂ ನಕ್ಕೆ. ಅಪ್ಪ ಹೇಳುತ್ತಿದ್ದಷ್ಟು ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಬಂಡೆಗಳ ಹತ್ತಿರ ನಿಂತು ಅವನು ತಲೆಯನ್ನು ಅತ್ತಿತ್ತ ತಿರುಗಿಸಿ, ಒಂದೊಂದೇ ಕಲ್ಲನ್ನು ಹುಡುಕಿ ನೋಡಿದ. ಹನ್ನೊಂದು ವರ್ಷದವನು ಹಾರುತ್ತ ದಾಟಿದ ಜಾಗ.

"ನಾ ಯಾವಾಗ್ಲೂ ಮುಂದ ಇರತಿದ್ದೆ. ಅವ್ವ ಇಲ್ಲೆ ಹ್ಯಾಂಗ ದಾಟತಿದ್ಲು?"

"ಕುಂತು ಸರೀತಿದ್ಲು. ಹಿಮ್ಮಡಿಲೆ ಮುಂದಿನ ಕಲ್ಲು ತಡವಿ ನೋಡತಿದ್ಲು."

ಅವನೂ ಕೂತ. ನಾನು ಎದುರು ಕೂತು ಅವನ ಪಾದ ಹಿಡಿದು ಒಂದೊಂದು ಕಲ್ಲಿಗೆ ತಾಗಿಸಿದೆ. ನಾಲ್ಕೈದು ಬಂಡೆ ಸರಿದಿರಬಹುದು. ಒಂದು ಸಂದಿನ ಮುಂದೆ ನಿಂತುಬಿಟ್ಟ. ಕೆಳಗೆ ನೀರು ಕಲ್ಲಿಗೆ ಬಡಿಯುತ್ತಿತ್ತು.

"ಇಷ್ಟು ಅಂಜಿಕಿ ಆಗತೈತಿ ಅಂತ ಗೊತ್ತಿರಲಿಲ್ಲ" ಎಂದ. "ಅಕಿ ವರ್ಷಾ ವರ್ಷಾ ಬರ್ತಿದ್ಲಲ್ಲ, ಏನೂ ಅನ್ನದ."

ನಾನು ಅವನ ಪಾದವನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದೆ.

"ಅಕ್ಕಾ, ನಾ ಕೇಳಿದ್ದರ ಬಗ್ಗೆ ಅವ್ವ ನಿನ್ನ ಮುಂದ ಏನರ ಅಂದಿದ್ಲೇನು?"

ಏನಾದರೂ ಸಮಾಧಾನದ ಮಾತು ಹೇಳಬಹುದಿತ್ತು. ಅವಳು ನಿನ್ನನ್ನು ಯಾವತ್ತೋ ಕ್ಷಮಿಸಿದ್ದಳು ಎಂದರೆ ಅವನು ನಂಬುತ್ತಿದ್ದ. ಆದರೆ ನಮ್ಮ ಮನೆಯಲ್ಲಿ ಒಬ್ಬರನ್ನೊಬ್ಬರು ಕಾಯಲು ಹೋಗಿ ಹೇಳದೆ ಉಳಿಸಿದ್ದು ಬಹಳವಾಗಿತ್ತು. ಅವ್ವ ಹೇಳಿದ್ದನ್ನು ಹಾಗೆಯೇ ಹೇಳಿದೆ. ನೀನು ಕೇಳಿದ್ದು ತಪ್ಪಲ್ಲ ಅಂದಳು, ಉತ್ತರ ಇನ್ನೂ ಸಿಗವಲ್ದು ಅಂದಳು ಎಂದೆ.

ಅವನು ಎರಡೂ ಅಂಗೈಗಳಿಂದ ಬಂಡೆಯನ್ನು ಸವರುತ್ತ ಕೂತ.

"ದವಾಖಾನ್ಯಾಗ ಮೂರೂ ದಿನ ಅಕಿಗೆ ಒಂದು ಮಾತು ಹೇಳಬೇಕಂತ ಬಂದೆ. ಒಮ್ಮೆ ನರ್ಸ್ ಇದ್ಲು. ಒಮ್ಮೆ ಅಕಿಗೆ ಎಚ್ಚರ ಇರಲಿಲ್ಲ. ಮೂರನೇ ದಿನ ಎಚ್ಚರ ಇತ್ತು, ನನಗ ಹೇಳಾಕ ಬಾಯಿ ಬರಲಿಲ್ಲ."

"ಏನ ಹೇಳಬೇಕಂತಿದ್ದಿ?"

"ಹಡದದ್ದು ಚಲೋ ಆತು ಅಂತ."

ಅಷ್ಟು ಹೇಳಿ ಮುಖ ಮುಚ್ಚಿಕೊಂಡ. ಅಪ್ಪ ಸತ್ತಾಗಲೂ, ಅವ್ವ ಸತ್ತಾಗಲೂ ಅವನು ಅತ್ತದ್ದನ್ನು ನಾನು ನೋಡಿರಲಿಲ್ಲ. ಅವನ ಪಾದ ಇನ್ನೂ ನನ್ನ ಕೈಯಲ್ಲೇ ಇತ್ತು. ಬಿಡಲಿಲ್ಲ. ನನಗೂ ಅಳು ಬಂತು. ಮೀನು ಹಿಡಿಯುವವನೊಬ್ಬ ದೋಣಿಯಲ್ಲಿ ಹೋಗುತ್ತ ನಮ್ಮನ್ನು ನೋಡಿ, "ಎನ್ನಾಚ್ಚು, ಅಡಿ ಪಟ್ಟುಡುಚ್ಚಾ?" ಎಂದು ಕೂಗಿ ಕೇಳಿದ. ಪೆಟ್ಟಾಯಿತೇ ಎಂದು. ಏನಿಲ್ಲ ಎಂದು ಕೈಯಾಡಿಸಿದೆ.

ಸುತ್ತು ಪೂರ್ತಿಯಾಗಲಿಲ್ಲ. ಬಿಸಿಲು ಏರಿತ್ತು, ಅವನಿಗೆ ಸುಸ್ತಾಗಿತ್ತು. ಬಂಡೆಯ ಮೇಲೆಯೇ ಬುತ್ತಿ ಬಿಚ್ಚಿ ತಿಂದು, ಬಂದ ದಾರಿಯಲ್ಲೇ ಹಿಂತಿರುಗಿದೆವು. ಚೆಂಗಲ್ಪಟ್ಟಿನಲ್ಲಿ ಬಸ್ಸು ಇಳಿದು ರೈಲು ಹತ್ತುವಾಗ ಐದೂವರೆ. ಹೊತ್ತು ಇಳಿಯುತ್ತಿತ್ತು. ಅವನು ಕಿಟಕಿಯ ಪಕ್ಕ ಕೂತು, ಸ್ಟೇಷನ್ನುಗಳನ್ನು ಎಣಿಸುತ್ತಿದ್ದವನು ತಾಂಬರಂ ದಾಟಿ ಇನ್ನೊಂದು ಸ್ಟೇಷನ್ ಕಳೆದ ಮೇಲೆ ಹೇಳಿದ:

"ಅಕ್ಕಾ, ಮುಂದ ನಿಂದು. ಏಳು."

ಹೊರಗೆ ದೀಪ ಹತ್ತಿದ್ದವು. ದೀಪಗಳ ನಡುವಿನದೇನೂ ಅವನಿಗೆ ಕಾಣುವುದಿಲ್ಲ. ಬೀಚ್ ಸ್ಟೇಷನ್ನಿನಲ್ಲಿ ಅವನು ರೈಲು ಬದಲಿಸಬೇಕು, ಹಬ್ಬದ ಜಂಗುಳಿ ಬೇರೆ. ದಿನವೂ ಅವನು ಇಂಥ ಓಡಾಟವನ್ನೆಲ್ಲ ಒಬ್ಬನೇ ಮಾಡುತ್ತಾನೆ ಎಂಬುದು ನನಗೆ ಗೊತ್ತಿತ್ತು.

"ನಿನ್ನ ಮನಿತನಕ ಬರ್ತೀನಿ" ಎಂದೆ.

"ಯಾಕ? ನಾ ಹೋಗತೀನಿ."

"ನೀ ಹೋಗತಿ. ನಾ ಬರ್ತೀನಿ."

ಕ್ರೋಂಪೇಟೆ ಬಂತು, ಹೋಯಿತು. ತಿರುವೊಟ್ಟಿಯೂರಿನಲ್ಲಿ ಇಳಿದಾಗ ಅವನ ಹೆಂಡತಿ ಮೆಟ್ಟಿಲ ಬಳಿ ನಿಂತಿದ್ದಳು. ನನ್ನನ್ನು ಕಂಡು ಬೆರಗಾಗಿ, "ವಾಂಗ ಅಕ್ಕಾ" ಎಂದು ಸ್ವಾಗತಿಸಿ ನನ್ನ ಚೀಲ ತೆಗೆದುಕೊಂಡಳು. ಮನೆಯಲ್ಲಿ ಅವಳು ಬಿಸಿ ಅನ್ನಕ್ಕೆ ರಸಂ ಬಡಿಸಿದಳು. ತಮ್ಮ ತಟ್ಟೆ ಮುಂದಿಟ್ಟುಕೊಂಡು, ಕೆರೆಯ ದಾರಿ ಹೇಗಿತ್ತು ಎಂದು ಅವಳಿಗೆ ತಮಿಳಿನಲ್ಲಿ ಮೊದಲಿನಿಂದ ಹೇಳತೊಡಗಿದ.